ತೆಗೆದ ಮಂಡಿಯ ಬಗ್ಗೆ ವೇದಾಳಿಗೆ

ಮೂಡಿಗೆರೆ
ಶ್ರಾವಣ ಮಾಸ

ಚಿ. ಸೌ. ವೇದಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ನಿನಗೆ ಹಾಕಿದ್ದ ಕೃತಕ ಮಂಡಿಯಲ್ಲಿ ಸೋಂಕು ಹೇಗೆ ಗೊತ್ತಾಯಿತು, ಅದನ್ನು ತೆಗೆಸಲು ಯಾವ ಆಸ್ಪತ್ರೆಗೆ ಹೋಗುತ್ತೀರಿ, ಹಣಕ್ಕೆ ಏನು ಏರ್ಪಾಡು ಎಂಬುದನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುವುದರಿಂದ ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಆದರೆ ಪತ್ರವನ್ನೆಲ್ಲ ಮುಗಿಸಿ, ಹೆಸರನ್ನೂ ಹಾಕಿದ ಮೇಲೆ, ಹಾಳೆಯ ಅಂಚಿನಲ್ಲಿ ಜಾಗ ಮಾಡಿಕೊಂಡು ನೀನು ಬರೆದಿರುವ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಮಂಡಿಯನ್ನು ತೆಗೆದ ಮೇಲೆ ಮತ್ತೆ ಹಾಕುವುದಕ್ಕೆ ಆಗುವುದಿಲ್ಲ ಎಂದುಬಿಟ್ಟರೆ ಏನು ಮಾಡಲಿ ದೊಡ್ಡಪ್ಪ?" ಎಂದು ಕೇಳಿದ್ದೀಯೆ. ನಿನ್ನ ದೊಡ್ಡಮ್ಮ ಇದೇ ಹಾದಿಯಲ್ಲಿ ನಡೆದವಳು. ಅವಳು ಈ ಮಾತನ್ನು ಒಂದು ಸಲವೂ ಬಾಯಿಬಿಟ್ಟು ಆಡಲಿಲ್ಲ. ಅವಳ ಮನಸ್ಸಿನಲ್ಲಿಯೂ ಇದೇ ಇದ್ದಿರಬೇಕು ಎಂದು ನಿನ್ನ ಸಾಲನ್ನು ಓದಿದಾಗ ಹೊಳೆಯಿತು. ಅವಳಿಗೆ ಹೇಳಬಹುದಾಗಿದ್ದದ್ದನ್ನು ಈಗ ನಿನಗೆ ಬರೆಯುತ್ತಿದ್ದೇನೆ ಎಂದಾದರೂ ತಿಳಿದುಕೋ.

ಹಾಗೆ ಆಗುವುದೇ ಇಲ್ಲ ಎಂದು ನಾನು ಬರೆಯಲಾರೆ. ಬರೆದರೆ ನೀನು ನಂಬುವುದೂ ಇಲ್ಲ. ಮೊದಲು ಸೋಂಕಾದ ಕೀಲನ್ನು ತೆಗೆದು, ಸೋಂಕು ಆರಿದ ಮೇಲೆ ಹೊಸದನ್ನು ಹಾಕುವ ಎರಡು ಹಂತದ ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹೆಚ್ಚಿನವರಿಗೆ ಸೋಂಕು ಹತೋಟಿಗೆ ಬಂದು ಹೊಸ ಕೀಲನ್ನು ಕೂಡಿಸುತ್ತಾರೆ, ಕೆಲವರಿಗೆ ಮಾತ್ರ ಅದು ಸಾಧ್ಯವಾಗುವುದಿಲ್ಲ ಎಂದು ನಮ್ಮ ವೈದ್ಯರೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಕೆಲವರ ಪಾಡೇನು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದಾಗಿ, ತೆಗೆದ ಜಾಗವನ್ನು ಬರಿದಾಗಿ ಬಿಡುವುದಿಲ್ಲ. ನೀನು ರಾತ್ರಿ ಎಚ್ಚರವಾಗಿ ಕಲ್ಪಿಸಿಕೊಳ್ಳುತ್ತಿರುವುದು ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಏನೂ ಇಲ್ಲದ ಒಂದು ಪೊಳ್ಳನ್ನು ಎಂದು ನಾನು ಊಹಿಸಬಲ್ಲೆ. ಅಲ್ಲಿ ಸ್ಪೇಸರ್ ಎಂಬುದನ್ನು ಇಡುತ್ತಾರೆ. ಮೂಳೆಗೆ ಬಳಸುವ ಸಿಮೆಂಟಿಗೆ ವ್ಯಾಂಕೊಮೈಸಿನ್, ಜೆಂಟಾಮೈಸಿನ್ ಮುಂತಾದ ಔಷಧಗಳನ್ನು ಬೆರೆಸಿ ಅಚ್ಚು ಮಾಡಿದ ತುಂಡು ಅದು. ಕಾಲು ಗಿಡ್ಡವಾಗದಂತೆ ತಡೆಯುತ್ತಾ, ಒಳಗಿನಿಂದಲೇ ಔಷಧವನ್ನು ಒಸರುತ್ತಾ ಇರುತ್ತದೆ. ನಿನ್ನ ದೊಡ್ಡಮ್ಮನ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಎರಡು ಮೂಳೆಗಳ ನಡುವೆ ಅಚ್ಚ ಬಿಳಿಯ ಗಟ್ಟಿಯೊಂದು ಕಾಣಿಸುತ್ತಿತ್ತು. ಹಳೆಯ ಕೀಲಿನ ನುಣುಪು ಅದಕ್ಕಿರಲಿಲ್ಲ, ಅಂಚುಗಳು ಅಂಕುಡೊಂಕಾಗಿದ್ದವು. ಸ್ವಲ್ಪ ಬಾಗುವ ಸ್ಪೇಸರ್ ಇದೆ, ಬಾಗದೆ ಕಾಲನ್ನು ನೆಟ್ಟಗೆ ಹಿಡಿಯುವುದೂ ಇದೆ. ನಿನಗೆ ಯಾವುದನ್ನು ಹಾಕುತ್ತಾರೆ, ಅದರ ಮೇಲೆ ಎಷ್ಟು ಭಾರ ಬಿಡಬಹುದು ಎಂಬುದನ್ನು ಮೊದಲೇ ಕೇಳಿ ತಿಳಿದುಕೋ. ಅಷ್ಟು ಗೊತ್ತಿದ್ದರೆ ಮನೆಗೆ ಬಂದ ದಿನ ಕಕ್ಕಸಿಗೆ ಹೋಗುವುದು ಹೇಗೆ ಎಂಬ ಗಾಬರಿಯಾದರೂ ತಪ್ಪುತ್ತದೆ.

ಚೆನ್ನಾಗಿಯೇ ನಡೆದಾಡಿಸುತ್ತಿದ್ದ ಕೀಲನ್ನು ಏಕೆ ತೆಗೆಯಬೇಕು, ಔಷಧದಲ್ಲೇ ತೊಳೆಯಲು ಬಾರದೇ ಎಂದು ನಾನೂ ಕೇಳಿದ್ದೆ. ಸೋಂಕು ಹೊಸದಾಗಿದ್ದು, ಕೆಲವೇ ವಾರಗಳದ್ದಾಗಿದ್ದರೆ ಕೀಲನ್ನು ಉಳಿಸಿಕೊಂಡು, ಒಳಗನ್ನು ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡನ್ನು ಮಾತ್ರ ಬದಲಾಯಿಸುವುದುಂಟು. ತಡವಾದರೆ ರೋಗಾಣುಗಳು ಲೋಹದ ಮೇಲೆ ನಮ್ಮ ಬಾವಿಕಟ್ಟೆಯ ಪಾಚಿಯಂತೆ ಪದರ ಕಟ್ಟಿಕೊಂಡು ಕೂರುತ್ತವೆ, ರಕ್ತದಲ್ಲಿ ಹರಿದು ಬರುವ ಔಷಧ ಆ ಪದರವನ್ನು ಭೇದಿಸಲಾರದು. ಸಿಮೆಂಟಿಗೆ ಔಷಧ ಬೆರೆಸುವ ಉಪಾಯವನ್ನು ಜರ್ಮನಿಯ ಹ್ಯಾಂಬರ್ಗಿನಲ್ಲಿ ಬುಕ್‌ಹೋಲ್ಸ್ ಎಂಬ ವೈದ್ಯರು 1970ರ ಸುಮಾರಿಗೆ ಬಳಕೆಗೆ ತಂದರೆಂದೂ, ಸೋಂಕಾದ ಮಂಡಿಯನ್ನು ತೆಗೆದು, ಕಾದು, ಮತ್ತೆ ಹಾಕುವ ಕ್ರಮವನ್ನು ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಅವರ ಸಂಗಡಿಗರು 1983ರಲ್ಲಿ ಪ್ರಕಟಿಸಿದರೆಂದೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಎಸ್ಟೇಟಿನಲ್ಲಿ ರೈಟರ್ ಆಗಿದ್ದವನಿಗೆ ಇಸವಿಗಳ ಚಟ. ನಿನಗೆ ಇವುಗಳಿಂದ ಏನೂ ಆಗಬೇಕಾಗಿಲ್ಲ. ನಿನ್ನ ಮೇಲೆ ಯಾರೋ ಹೊಸ ಪ್ರಯೋಗ ಮಾಡುತ್ತಿಲ್ಲವೆಂಬ ಧೈರ್ಯಕ್ಕೆ ಬರೆದೆ.

ಈಗ ನಿನ್ನ ಹೆದರಿಕೆಗೇ ಬರುತ್ತೇನೆ. ಮತ್ತೆ ಹಾಕುವುದಿಲ್ಲವೇನೋ ಎಂಬ ಭಯ ನಮ್ಮ ಮನೆಯೊಳಕ್ಕೆ ಬಂದದ್ದು ಮೊದಲ ಶಸ್ತ್ರಚಿಕಿತ್ಸೆಯ ದಿನವಲ್ಲ, ಎರಡನೆಯದು ಮುಂದಕ್ಕೆ ಹೋದ ದಿನ. ಸಾಮಾನ್ಯವಾಗಿ 6 ವಾರಗಳಷ್ಟು ಕಾಲ ರಕ್ತನಾಳದ ಮೂಲಕ ಔಷಧ ಕೊಟ್ಟು, ಆಮೇಲೆ ಕೆಲವು ದಿನ ಅದನ್ನು ನಿಲ್ಲಿಸಿ, ರಕ್ತವನ್ನೂ ಮಂಡಿಯ ನೀರನ್ನೂ ಪರೀಕ್ಷಿಸಿ ಮುಂದಿನ ದಿನವನ್ನು ಗೊತ್ತುಮಾಡುತ್ತಾರೆ. ನಿನ್ನ ದೊಡ್ಡಮ್ಮನ ವಿಷಯದಲ್ಲಿ ದೇಹದೊಳಗಿನ ಉರಿಯೂತವನ್ನು ತೋರಿಸುವ ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಯ ಅಂಕಿ ಮೊದಲು ಚೆನ್ನಾಗಿ ಇಳಿಯುತ್ತಾ ಬಂದು, ಆಮೇಲೆ ಮತ್ತೆ ಏರತೊಡಗಿತು. ವೈದ್ಯರು ಈಗ ಬೇಡ, ಕಾಯೋಣ ಎಂದರು. ನಾವು ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ದಾಟಿ ಊರು ಸೇರುವವರೆಗೆ ಅವಳು ಒಂದು ಮಾತೂ ಆಡಲಿಲ್ಲ.

ನಿನ್ನಂತೆ, ದೊಡ್ಡಮ್ಮನಂತೆ ಕೀಲುಗಳು ಊದುವ ವಾತದ ರೋಗ (ರುಮಟಾಯ್ಡ್ ಸಂಧಿವಾತ) ಇರುವವರಿಗೆ ಬೇರೆಯವರಿಗಿಲ್ಲದ ಒಂದು ತೊಡಕು ಇದೆ, ವೇದಾ, ಇದನ್ನು ನೀನು ಮನಸ್ಸಿಟ್ಟು ಓದಬೇಕು. ಸೋಂಕು ಇರುವಾಗ ಬಯಾಲಜಿಕ್ ಚುಚ್ಚುಮದ್ದನ್ನು ನಿಲ್ಲಿಸುತ್ತಾರೆ, ಏಕೆಂದರೆ ಅದು ದೇಹದ ರಕ್ಷಣೆಯನ್ನೇ ತಗ್ಗಿಸಿ ವಾತವನ್ನು ಹಿಡಿತದಲ್ಲಿಡುವ ಔಷಧ. ಅದು ನಿಂತ ಮೇಲೆ ಮಂಡಿಯ ಕೀವು ಆರುತ್ತಿದ್ದರೂ ಕೈಬೆರಳು, ಮಣಿಕಟ್ಟು, ಭುಜಗಳಲ್ಲಿ ವಾತ ಕೆರಳುತ್ತದೆ. ಸಿ.ಆರ್.ಪಿ., ಅದರಂಥದ್ದೇ ಇನ್ನೊಂದು ರಕ್ತಪರೀಕ್ಷೆಯಾದ ಇ.ಎಸ್.ಆರ್. ಎರಡೂ ಸೋಂಕಿಗೂ ಏರುತ್ತವೆ, ವಾತಕ್ಕೂ ಏರುತ್ತವೆ, ಅಂಕಿಯನ್ನು ಮಾತ್ರ ನೋಡಿದರೆ ಇದು ಯಾವುದರದ್ದೆಂದು ತಿಳಿಯುವುದಿಲ್ಲ. ಅದಕ್ಕಾಗಿಯೇ ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು, ಅದರಲ್ಲಿನ ಬಿಳಿ ರಕ್ತಕಣಗಳನ್ನು ಎಣಿಸಿ, ನಿಧಾನವಾಗಿ ಬೆಳೆಯುವ ರೋಗಾಣುಗಳೇನಾದರೂ ಬೆಳೆಯುತ್ತವೆಯೇ ಎಂದು 14 ದಿನಗಳವರೆಗೂ ಕಲ್ಚರ್ ಇಟ್ಟು ನೋಡುತ್ತಾರೆ. ದೊಡ್ಡಮ್ಮನ ಮಂಡಿಯ ನೀರಿನಲ್ಲಿ ಏನೂ ಬೆಳೆಯಲಿಲ್ಲ. ಏರಿದ್ದ ಅಂಕಿ ಅವಳ ಊದಿದ ಮಣಿಕಟ್ಟುಗಳದ್ದಾಗಿತ್ತು. ಆ ಫಲಿತಾಂಶ ಬರುವ ತನಕ ನಾವಿಬ್ಬರೂ ಒಂದೇ ಮನೆಯಲ್ಲಿ ಒಂದೇ ಭಯವನ್ನು ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದೆವು ಎಂದು ಈಗ ತೋರುತ್ತದೆ. ನಿನ್ನ ಎರಡನೆಯ ಶಸ್ತ್ರಚಿಕಿತ್ಸೆಯ ದಿನವೂ ಮುಂದಕ್ಕೆ ಹೋದೀತು. ಹೋದರೆ ಅದನ್ನು ಕೊನೆಯ ತೀರ್ಪೆಂದು ತೆಗೆದುಕೊಳ್ಳಬೇಡ. ಮೂಳೆಯ ವೈದ್ಯರೂ ವಾತದ ವೈದ್ಯರೂ ಪರಸ್ಪರ ಮಾತನಾಡಿದ್ದಾರೆಯೇ ಎಂಬುದೊಂದನ್ನು ಅಳಿಯಂದಿರು ಕೇಳಲಿ. ನಿನಗೆ ಸಂಕೋಚವಾದರೆ ನಾನೇ ಬಂದು ಕೇಳುತ್ತೇನೆ, ಮುದುಕನ ಮೇಲೆ ಯಾರೂ ರೇಗುವುದಿಲ್ಲ.

ಇಷ್ಟು ಬರೆಯುವಾಗ ಹಳೆಯದೆಲ್ಲ ನೆನಪಾಗುತ್ತದೆ. ನಿನ್ನ ದೊಡ್ಡಮ್ಮನ ಬೆರಳು ಊದತೊಡಗಿದಾಗ ಮನೆಯಲ್ಲಿ ಎಲ್ಲರೂ ಅದನ್ನು ಮಳೆಗಾಲದ ವಾತವೆಂದರು. ಎಣ್ಣೆ ಹಚ್ಚಿ, ಲಕ್ಕಿಸೊಪ್ಪು ಕಾಯಿಸಿದ ನೀರಿನಲ್ಲಿ ಕಾವು ಕೊಟ್ಟೆವು. ಆಮೇಲೆ ಪಟ್ಟಣದಲ್ಲಿ ಚಿನ್ನದ ಚುಚ್ಚುಮದ್ದು ಎಂದು ಕೊಟ್ಟರು. ಆಗ ಅದೂ ಒಂದು ಚಿಕಿತ್ಸೆಯಾಗಿತ್ತು, ನಿನಗೆ ನಗು ಬಂದೀತು. ಈಗ ಮೊದಲ ದಿನವೇ ಬರೆದುಕೊಡುವ ಮೆಥೊಟ್ರೆಕ್ಸೇಟನ್ನು ಅಮೆರಿಕದಲ್ಲಿ ಈ ರೋಗಕ್ಕೆಂದು ಒಪ್ಪಿಕೊಂಡದ್ದೇ 1988ರಲ್ಲಿ. ಅದು ಅವಳ ಕೈಗೆ ಬರುವಷ್ಟರಲ್ಲಿ ಮಂಡಿಗಳು ಸವೆದುಹೋಗಿದ್ದವು. ಅವರೆಕಾಯಿಯ ಕಾಲದಲ್ಲಿ ಬೇಳೆ ಹಿತುಕಲು ಹೆಬ್ಬೆರಳಿಗೆ ಬಲವಿಲ್ಲದೆ, ನೆನೆಸಿದ ಕಾಳನ್ನು ಎರಡು ಅಂಗೈಗಳ ನಡುವೆ ಇಟ್ಟು ಒತ್ತುತ್ತಿದ್ದಳು. ಬೇಳೆ ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ ಬೀಳುತ್ತಿತ್ತು. ಹತ್ತು ವರ್ಷ ಮೊದಲು ಆ ಮಾತ್ರೆ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಳ್ಳುತ್ತೇನೆ. ಇದರಿಂದ ನಿನಗೆ ಏನೂ ಪ್ರಯೋಜನವಿಲ್ಲ, ಕ್ಷಮಿಸು.

ಇನ್ನೊಂದು ಕೊರಗೂ ಇದೆ, ಅದರಿಂದ ನಿನಗೆ ಉಪಯೋಗವಾಗಬಹುದು. ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಆ ತಿಂಗಳುಗಳಲ್ಲಿ ಬಚ್ಚಲು ಹತ್ತಿರವೆಂದು ಅವಳ ಮಂಚವನ್ನು ಹಿಂದಿನ ಕೋಣೆಯಲ್ಲಿ ಹಾಕಿಸಿದ್ದೆವು. ಅಲ್ಲಿಂದ ಕಾಣುವುದು ಸೌದೆಕೊಟ್ಟಿಗೆಯ ಗೋಡೆ ಮಾತ್ರ. ಬಂದವರು ಜಗಲಿಯಲ್ಲೇ ಕುಳಿತು ಕಾಫಿ ಕುಡಿದು, ಅವಳು ಮಲಗಿರಬಹುದೆಂದು ಹೊರಟುಹೋಗುತ್ತಿದ್ದರು. ದಿನವಿಡೀ ಗೋಡೆ ನೋಡುತ್ತಾ ಮಲಗಿದವರಿಗೆ ಮತ್ತೆ ಹಾಕುತ್ತಾರೋ ಇಲ್ಲವೋ ಎಂಬುದನ್ನು ಬಿಟ್ಟು ಇನ್ನೇನು ಹೊಳೆದೀತು? ನೀನು ಮಂಚವನ್ನು ಮುಂದಿನ ಕೋಣೆಯಲ್ಲೇ ಹಾಕಿಸಿಕೋ, ಕಮೋಡ್ ಕುರ್ಚಿಯೊಂದನ್ನು ಪಕ್ಕದಲ್ಲಿ ಇಟ್ಟುಕೊಂಡರಾಯಿತು. ನಿಮ್ಮ ಮನೆಯ ಹೊಸ್ತಿಲುಗಳು ನಮ್ಮವುಗಳಷ್ಟು ಎತ್ತರವಿಲ್ಲ, ಆದರೂ ವಾಕರ್ ಸಿಕ್ಕಿಕೊಳ್ಳುತ್ತದೆಯೇ ಎಂದು ಈಗಲೇ ನೋಡಿಸು.

ವಾಕರಿನ ಮಾತು ಬಂದದ್ದರಿಂದ ಹೇಳುತ್ತೇನೆ, ಸಾಧಾರಣ ವಾಕರನ್ನು ಅಂಗೈಯಿಂದ ಬಿಗಿಯಾಗಿ ಹಿಡಿದು ಊರಬೇಕು, ಕೆರಳಿದ ಮಣಿಕಟ್ಟಿಗೆ ಅದು ಆಗದ ಕೆಲಸ. ಮುಂಗೈಯನ್ನು ಉದ್ದಕ್ಕೆ ಇಟ್ಟು ಮೊಣಕೈಯಿಂದ ಭಾರ ಬಿಡುವಂಥ ವಾಕರ್ ಇದೆ. ದೊಡ್ಡಮ್ಮನದು ಅಟ್ಟದಲ್ಲಿದೆ, ಕಟ್ಟಿಕೊಂಡು ಬರುತ್ತೇನೆ. ಔಷಧಗಳ ವಿಷಯದಲ್ಲಿ ನಾನು ಹೇಳುವುದು ಅಧಿಕಪ್ರಸಂಗವೆಂದು ಗೊತ್ತು. ಆದರೂ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ ಔಷಧವೆಂಬುದನ್ನು ನಿನ್ನನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಹೇಳಿಡು, ಆಸ್ಪತ್ರೆಯಲ್ಲಿ ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ವೈದ್ಯರೇ ಹೇಳಲಿ. ಜ್ವರಕ್ಕೆಂದೋ ಮೂತ್ರದ ಉರಿಗೆಂದೋ ಯಾರಾದರೂ ಕೊಟ್ರೈಮೊಕ್ಸಜೋಲ್ ಎಂಬ ಸಲ್ಫಾ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬೇಡ, ಇವೆರಡೂ ಸೇರಿದರೆ ರಕ್ತಕಣಗಳು ಅಪಾಯವಾಗುವಷ್ಟು ಕಡಿಮೆಯಾಗಬಹುದು. ಬಹುಕಾಲದಿಂದ ನುಂಗುತ್ತಿರುವ ಸ್ಟೀರಾಯ್ಡ್ ಮಾತ್ರೆಯನ್ನು ಹೆದರಿಕೆಯಿಂದ ನೀನಾಗಿಯೇ ಥಟ್ಟನೆ ಬಿಡಬಾರದು. ರಿಫಾಂಪಿಸಿನ್ ಕೊಟ್ಟರೆ ಮೂತ್ರ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ದೊಡ್ಡಮ್ಮ ಅದನ್ನು ರಕ್ತವೆಂದುಕೊಂಡು ಬೆಳಗಿನ ಜಾವ ನನ್ನನ್ನು ಎಬ್ಬಿಸಿದ್ದಳು. ಈ ಮಳೆಯಲ್ಲಿ ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಉಂಬಳ ಕಚ್ಚಿ ಕೆರೆದ ಗಾಯ, ಹಲ್ಲಿನ ಹುಳುಕು ಇವುಗಳಲ್ಲಿ ಏನೇ ಇದ್ದರೂ ಶಸ್ತ್ರಚಿಕಿತ್ಸೆಗೆ ಮೊದಲೇ ತೋರಿಸಿಕೋ, ಒಳಗಿನ ಕೀಲಿಗೆ ರೋಗಾಣು ಅಲ್ಲಿಂದಲೂ ಹೋಗಬಲ್ಲದು. ಉಳಿದದ್ದು ನಿನಗೇ ನನಗಿಂತ ಚೆನ್ನಾಗಿ ಗೊತ್ತು.

ಆ ಕೆಲವರ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. ದೊಡ್ಡಮ್ಮನ ವಾರ್ಡಿನಲ್ಲಿ ಬೆಳ್ತಂಗಡಿಯ ಕಡೆಯ ಹೆಂಗಸೊಬ್ಬರು ಇದ್ದರು. ಅವರಿಗೆ ಸೋಂಕು ಮರುಕಳಿಸಿ, ಮೂಳೆಯೂ ಸಾಲದೆ, ಹೊಸ ಕೀಲನ್ನು ಹಾಕುವ ಬದಲು ಒಳಗೆ ಸರಳು ಕೊಟ್ಟು ಎರಡು ಮೂಳೆಗಳನ್ನೂ ಒಂದಾಗಿ ಬೆಸೆದರು. ಆ ಕಾಲು ಇನ್ನು ಎಂದಿಗೂ ಮಡಿಸುವುದಿಲ್ಲ. ಬಸ್ಸಿನಲ್ಲಿ ಅವರು ಕಾಲು ಚಾಚಿ ಕೂರಬೇಕು, ಹೂವು ಕಟ್ಟಲು ಎತ್ತರದ ಕುರ್ಚಿ ಬೇಕು. ಆದರೆ ನೋವಿಲ್ಲದೆ ತಮ್ಮ ಕಾಲ ಮೇಲೆ ತಾವು ನಿಂತು, ಕೋಲು ಹಿಡಿದು ವಾರ್ಡಿನ ಉದ್ದಕ್ಕೂ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನು ಕೆಲವರು ಸ್ಪೇಸರಿನಲ್ಲಿಯೇ ವರ್ಷಗಟ್ಟಲೆ ಕಾಲ ಹಾಕುವುದುಂಟು, ಕೆಲವರು ಔಷಧವನ್ನು ಬಹುಕಾಲ ಮುಂದುವರಿಸುವುದುಂಟು. ಕಾಲನ್ನೇ ತೆಗೆಯುವ ಸಂದರ್ಭವೂ ಇದೆ, ಆದರೆ ಅದು ಅಪರೂಪ ಎಂದು ವೈದ್ಯರು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಮುಚ್ಚಿಟ್ಟರೆ ನೀನು ಮೊಬೈಲಿನಲ್ಲಿ ಹುಡುಕಿ, ಅರ್ಧ ಓದಿ, ಇನ್ನಷ್ಟು ಹೆದರುತ್ತೀಯೆ. ಮತ್ತೆ ಹಾಕದಿದ್ದರೆ ಏನು ಎಂಬ ನಿನ್ನ ಪ್ರಶ್ನೆಯನ್ನು ವೈದ್ಯರಿಗೇ ಅದೇ ಮಾತಿನಲ್ಲಿ ಕೇಳು, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕೇಳದೆ ಈಗಲೇ ಕೇಳು. ನಿನ್ನ ಮೂಳೆ ಎಷ್ಟು ಉಳಿದಿದೆ, ರೋಗಾಣು ಯಾವುದು, ಅದಕ್ಕೆ ಔಷಧ ನಾಟುತ್ತದೆಯೇ ಎಂಬುದನ್ನು ಬಲ್ಲವರು ಅವರೇ.

ದೊಡ್ಡಮ್ಮನಿಗೆ ಮತ್ತೆ ಹಾಕಿದ ಮಂಡಿ ಮೊದಲಿನಷ್ಟು ಬಾಗುತ್ತಿರಲಿಲ್ಲ. ಗೌರಿ ಪೂಜೆಗೆ ಅವಳು ಕುರ್ಚಿಯಲ್ಲೇ ಕುಳಿತಳು, ಅದಕ್ಕೆ ಅತ್ತಿಗೆಯವರು ಗೊಣಗಿದ್ದೂ ಉಂಟು. ಆದರೆ ಕಣದಲ್ಲಿ ಕಾಫಿ ಹರವಿದ ದಿನಗಳಲ್ಲಿ ಕೋಲೂರಿಕೊಂಡು ಬಂದು, ಆಳುಗಳು ಹಣ್ಣನ್ನು ಸರಿಯಾಗಿ ಕೆದಕುತ್ತಿಲ್ಲವೆಂದು ಜಗಳವಾಡುವಷ್ಟು ನಡೆಯುತ್ತಿದ್ದಳು.

ಹಾಸನಕ್ಕೆ ನಾನು ಬರುವುದು ಗೌರಿಹಬ್ಬ ಕಳೆದ ಮೇಲೆ ಎಂದು ನಿಮ್ಮಪ್ಪನಿಗೆ ಹೇಳಿದ್ದೆ. ಅದನ್ನು ಬಿಡು, ಮುಂದಿನ ಸೋಮವಾರವೇ ಬರುತ್ತೇನೆ. ಮಂಡಿಯ ನೀರಿನ ಕಲ್ಚರ್ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಕೊನೆಯ ಬಯಾಲಜಿಕ್ ಚುಚ್ಚುಮದ್ದು ಹಾಕಿಸಿಕೊಂಡ ತಾರೀಖು ಈ ಮೂರನ್ನೂ ಒಂದೆಡೆ ತೆಗೆದಿಡು, ಪುಸ್ತಕದಲ್ಲಿ ಬರೆದುಕೊಡುತ್ತೇನೆ. ಪತ್ರದ ಅಂಚಿನಲ್ಲಿ ಬರೆಯುವಂಥದ್ದು ಇನ್ನೇನಾದರೂ ಇದ್ದರೆ ಅದನ್ನೂ ಆಗ ಹೇಳು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ