ಶನಿವಾರ ‘ನಿಶ್ಶಬ್ದ’ ಬೋರ್ಡ್ ತಿರುಗಿಸಿಡುತ್ತೇನೆ

ಮಾನ್ಯರೇ,

ಈಗಿನ ಹುಡುಗರು ಮೊಬೈಲ್ ಬಿಟ್ಟು ಪುಸ್ತಕ ಮುಟ್ಟುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಧಾರವಾಡ ತಾಲ್ಲೂಕಿನ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ.

ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಮಳೆಯ ರೀಲ್ಸ್ ತೋರಿಸಿದ. ಹಿನ್ನೆಲೆಗೆ ‘ಬಾರೋ ಸಾಧನಕೇರಿಗೆ’ ಹಾಡು. “ಇದು ಯಾವ ಪಿಕ್ಚರಿಂದ್ರೀ ಅಕ್ಕಾರ?” ಎಂದ. ಪಿಕ್ಚರ್ ಅಲ್ಲಪ್ಪ, ಬೇಂದ್ರೆ ಅಜ್ಜನ ಕವಿತೆ, ಸಾಧನಕೇರಿ ಇಲ್ಲೇ ಧಾರವಾಡದಾಗೈತಿ, ಅವರ ಮನಿ ಅಲ್ಲೇ ಅಂದೆ. ನಂಬಲಿಲ್ಲ. ಬೀರು ತೆಗೆದು ಪುಸ್ತಕ ಕೊಟ್ಟೆ. ಮೊದಲು ತುಟಿಯಲ್ಲೇ ಓದಿದ. ಆಮೇಲೆ ದನಿ ತಾನಾಗಿ ಏರಿತು. ಎರಡು ಪುಟ ಆದ ಮೇಲೆ ತಲೆ ಎತ್ತಿ, “ನಮ್ಮ ಆಯಿ ಮಾತಾಡಿದಂಗ ಐತಲ್ರೀ!” ಎಂದ. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಗೋಡೆಯ ಮೇಲಿನ ‘ನಿಶ್ಶಬ್ದವಾಗಿರಿ’ ಬೋರ್ಡಿಗೆ ಬೆರಳು ಮಾಡಿದರು.

ಅವತ್ತಿನಿಂದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮಕ್ಕಳು ಕವಿತೆ ಗಟ್ಟಿಯಾಗಿ ಓದಲಿ ಅಂತ, ಆ ಬೋರ್ಡನ್ನು ಗೋಡೆಗೆ ಮುಖ ಮಾಡಿ ಇಡುತ್ತೇನೆ. ಹಿರಿಯರು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ, ಗೊಣಗುತ್ತಲೇ. ಮೊದಲ ವಾರ ಕವಿತೆಗಳನ್ನು ನಾನೇ ಆರಿಸಿದ್ದೆ. ಮಕ್ಕಳು ಆಕಳಿಸಿದರು. ಈಗ ಬೀರುವಿನ ಕೀಲಿ ಅವರ ಕೈಗೇ ಕೊಡುತ್ತೇನೆ. ಸಿದ್ದಲಿಂಗಯ್ಯನವರ ಕವಿತೆ ಸಿಕ್ಕರೆ ಒಬ್ಬ ಹುಡುಗಿ ಎದ್ದು ನಿಂತೇ ಓದುತ್ತಾಳೆ. ಇನ್ನೊಬ್ಬ ಸುಮ್ನೆ ಕೇಳಲು ಬರುತ್ತಾನೆ, ಬರಲಿ. ಅರ್ಥ ಏನು, ಸಂದರ್ಭ ಏನು ಅಂತ ಯಾರನ್ನೂ ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ. ‘ಪದ್ಯ ಪೂರ್ಣಗೊಳಿಸಿ’, ‘ಸ್ವಾರಸ್ಯ ವಿವರಿಸಿ’ ಎಲ್ಲ ಅಲ್ಲಿ ಹೇಗೂ ಇದೆ, ಅಲ್ವಾ? ಇಲ್ಲಿಗೂ ಯಾಕೆ ತರಬೇಕು?

ಪಾಲಕರಿಗೆ ಒಂದು ಮಾತು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸದಸ್ಯತ್ವ ಪುಕ್ಕಟೆ. ನಮ್ಮೂರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿರಲಿಲ್ಲ.

ಇನ್ನು ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವವರಿಗೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ನಮ್ಮಲ್ಲಿ ಒಂದು ಬೀರು ತುಂಬ ಇವೆ. ಬೇಡ ಅನ್ನುವುದಿಲ್ಲ, ಅವೂ ಬೇಕು. ಆದರೆ ಬೇಂದ್ರೆಯವರದು ಇರುವುದು ಒಂದೇ ಪುಸ್ತಕ, ಅದರ ಬೈಂಡಿಂಗೂ ಕಿತ್ತಿದೆ. ಅದನ್ನು ಆ ಹುಡುಗ ಮನೆಗೆ ಒಯ್ದು ತಿಂಗಳಾಯಿತು. ಕೇಳಿದರೆ, “ಆಯಿಗೆ ಓದಿ ಹೇಳಾಕತ್ತೀನ್ರೀ, ಇನ್ನೂ ಮುಗಿದಿಲ್ಲ” ಅನ್ನುತ್ತಾನೆ. ಮುಂದಿನ ಸಲ ಎರಡು ಪ್ರತಿ ಕಳಿಸಿ.

– ಗ್ರಂಥಾಲಯ ಮೇಲ್ವಿಚಾರಕಿ, ಧಾರವಾಡ ತಾಲ್ಲೂಕು