ಕ್ಲಿಪ್ ಬಿಚ್ಚಿದ್ರು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಹೋದ ವಾರ ನನ್ನ ಹಲ್ಲಿನ ಕ್ಲಿಪ್ ಬಿಚ್ಚಿದ್ರು. 38ನೇ ವಯಸ್ಸಲ್ಲಿ ಹಾಕಿಸ್ಕೊಂಡಿದ್ದು, ಈಗ 40 ಆಯ್ತು. ಇದಕ್ಕೆ ಎಷ್ಟೋ ಜನ ಹೆಗಲು ಕೊಟ್ಟಿದಾರೆ, ಅದಕ್ಕೇ ಬರೀತಿದೀನಿ.

ಚಂದ ಕಾಣೋಕೆ ಹಾಕಿಸ್ಕೊಂಡ್ಳು ಅಂದ್ಕೊಂಡವರೇ ಜಾಸ್ತಿ. ವಿಷಯ ಏನಂದ್ರೆ, ಹಲ್ಲು ಕಚ್ಚಿದಾಗ ಮೇಲಿನ ಮುಂದಿನ ಹಲ್ಲು ಕೆಳಗಿನದನ್ನ ಒಂದು 2-3 ಮಿಲಿಮೀಟರ್ ಮುಚ್ಚಿದ್ರೆ ಸರಿ, ನನ್ನದು ಪೂರ್ತಿ ಮುಚ್ಚಿಬಿಡ್ತಿತ್ತು, ಕೆಳಗಿನ ಹಲ್ಲಿನ ತುದಿ ಹೋಗಿ ಅಂಗುಳಕ್ಕೆ ಚುಚ್ಚೋದು, ಅಲ್ಲಿ ಗಾಯ ಆಗೋದು, ಸಾರು ತಾಗಿದ್ರೆ ಕಣ್ಣಲ್ಲಿ ನೀರು. ವರ್ಷಾನುಗಟ್ಟಲೆ ಹೀಗೇ.

ದಾವಣಗೆರೆಯ ಡೆಂಟಲ್ ಕಾಲೇಜಲ್ಲಿ ನನ್ನ ಕೇಸ್ ತಗೊಂಡ ಪಿಜಿ ಡಾಕ್ಟರಿಗೆ ಎಷ್ಟು ಹೇಳಿದ್ರೂ ಕಮ್ಮಿ. ನನಗಿಂತ ಎಷ್ಟೋ ಚಿಕ್ಕವರು, ಮೊದಲ ದಿನದಿಂದ ಅಕ್ಕಾ ಅಂತಲೇ ಕರೆದ್ರು. "ಮಕ್ಕಳಾದ್ರೆ ದವಡೆ ಇನ್ನೂ ಬೆಳೀತಿರುತ್ತೆ ಅಕ್ಕಾ, ನಿಮಗೆ ಹಲ್ಲನ್ನ ಮಾತ್ರ ಸರಿಸಬಹುದು, ದವಡೆನೇ ಸರಿಸ್ಬೇಕಂದ್ರೆ ಆಪರೇಷನ್, ನಿಮಗೆ ಅಷ್ಟು ಬೇಕಾಗಲ್ಲ" ಅಂತ ಎಕ್ಸ್‌ರೇ ತೋರಿಸಿ ಹೇಳಿದ್ರು. ವಸಡು ಗಟ್ಟಿ ಇದ್ರೆ ಮಾತ್ರ ಈ ವಯಸ್ಸಲ್ಲಿ ಕ್ಲಿಪ್ ಹಾಕೋದು ಅಂತ ಮೊದಲು ಅದರ ಟ್ರೀಟ್‌ಮೆಂಟ್ ಮಾಡಿಸಿದ್ರು. ಅವರು ಓದ್ತಿದ್ದ ಎಂಡಿಎಸ್, ಅಂದ್ರೆ ಹಲ್ಲಿನ ಡಾಕ್ಟರುಗಳ ಪಿಜಿ, 3 ವರ್ಷದ ಕೋರ್ಸು, ನನ್ನದು ಅರ್ಧದಲ್ಲಿರುವಾಗ ಅವರದ್ದು ಮುಗೀತು. ಕೇಸನ್ನ ಜೂನಿಯರ್‌ಗೆ ಒಪ್ಪಿಸೋ ದಿನ ನನ್ನ ಪಕ್ಕದಲ್ಲೇ ನಿಂತು ಯಾವ ವೈರ್ ಯಾವಾಗ ಹಾಕಿದ್ದು ಎಲ್ಲಾ ಹೇಳಿ, ಕೊನೆಗೆ "ಅಕ್ಕಂಗೆ ಎಡಗಡೆ ಕೆನ್ನೆ ಬೇಗ ಗಾಯ ಆಗುತ್ತೆ, ವೈರಿನ ತುದಿ ಮಡಚಿ ಬಿಡಿ" ಅಂದ್ರು. ಇದನ್ನ ಫೈಲಲ್ಲಿ ಯಾರೂ ಬರೆಯಲ್ಲ. ಜೂನಿಯರ್ ಡಾಕ್ಟರ್ ಕೂಡ ಅದನ್ನ ಒಂದು ಸಲನೂ ಮರೀಲಿಲ್ಲ, ಪ್ರತಿ ಸಲ ವೈರ್ ಬದಲಿಸಿದ ಮೇಲೆ ಬೆರಳಿಟ್ಟು ಸವರಿ ನೋಡೋರು.

ಆಮೇಲೆ ನಮ್ಮತ್ತೆ. ಮೇಲಿನ ಹಲ್ಲಿನ ಹಿಂದೆ ಚಿಕ್ಕ ಚಿಕ್ಕ ಸಿಮೆಂಟ್ ಉಂಡೆ ಅಂಟಿಸ್ತಾರೆ, ಬಾಯಿ ಮುಚ್ಚಿದ್ರೆ ಕೆಳಗಿನ ಹಲ್ಲು ಅದರ ಮೇಲೆ ಕೂರುತ್ತೆ, ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ತಾಗೋದೇ ಇಲ್ಲ, ಆ ಸಂದಿಯಲ್ಲಿ ಅವು ನಿಧಾನಕ್ಕೆ ಮೇಲೆ ಬಂದು ಕಚ್ಚು ಬಿಡಿಸಿಕೊಳ್ಳುತ್ತೆ. ಅಲ್ಲೀವರೆಗೂ ಅಗಿಯೋದು ಅನ್ನೋದೇ ಇಲ್ಲ. ನಮ್ಮನೇಲಿ ರೊಟ್ಟಿ ಇಲ್ದೆ ಊಟ ಇಲ್ಲ, ಅತ್ತೆ ಬಿಸಿ ರೊಟ್ಟಿನ ಚೂರು ಮಾಡಿ ಹಾಲಲ್ಲಿ ನೆನೆಸಿ, ಮೆತ್ತಗಾದ ಮೇಲೆ ತಟ್ಟೆಗೆ ಹಾಕಿ ಕೊಡೋರು, ಪಲ್ಯ ಬೇರೆಯಾಗಿ ಇನ್ನೊಂದು ಸಲ ಬೇಯಿಸೋರು. "ಈ ವಯಸ್ಸಲ್ಲಿ ಯಾಕೆ ಬೇಕಿತ್ತು" ಅಂತ ಬಂದ ನೆಂಟರಿಗೆ "ನೋವು ಅವಳಿಗೆ, ನಿಮಗಲ್ಲ" ಅಂದವರೂ ಅವರೇ. ಅತ್ತೆ, ನಿಮ್ಮ ಆ ಒಂದು ಮಾತಿಗೆ ನಾನು ಯಾವತ್ತೂ ಋಣಿ.

ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು! ಶುರುವಲ್ಲಿ ಶ, ಸ ಸರಿಯಾಗಿ ಹೊರಳ್ತಿರಲಿಲ್ಲ, ಕನ್ನಡ ಟೀಚರ್ ಆಗಿ ಹಳಗನ್ನಡ ಪದ್ಯ ಓದೋದು ಹೇಗೆ. "ಮಿಸ್, ಪದ್ಯ ನಾವು ಓದ್ತೀವಿ, ನೀವು ಅರ್ಥ ಹೇಳಿ" ಅಂತ ಅವರೇ ಸರದಿ ಮಾಡ್ಕೊಂಡ್ರು. ಎಲ್ಲಿದ್ರೂ ಚೆನ್ನಾಗಿರಿ ಮಕ್ಕಳೇ. ಅರ್ಧ ದಿನ ರಜೆ ಕೇಳಿದಾಗೆಲ್ಲ ಕೊಟ್ಟ ಹೆಡ್‌ಮಾಸ್ಟರ್ ಸರ್, ಊಟ ಆದ ತಕ್ಷಣ "ರಬ್ಬರ್ ಹಾಕ್ಕೊಂಡ್ಯಾ" (ಕ್ಲಿಪ್‌ಗೆ ಸಿಕ್ಕಿಸೋ ಪುಟ್ಟ ರಬ್ಬರ್ ಬ್ಯಾಂಡ್) ಅಂತ ನೆನಪಿಸ್ತಿದ್ದ ನಮ್ಮ ಮನೆಯವರು, ಇಬ್ಬರಿಗೂ ಥ್ಯಾಂಕ್ಸ್.

ಈಗ ಹಲ್ಲಿನ ಹಿಂದೆ ಸಣ್ಣ ವೈರ್ ಅಂಟಿಸಿದಾರೆ, ರಾತ್ರಿ ರಿಟೇನರ್ ಅಂತ, ಹಲ್ಲನ್ನ ಹಿಡಿದಿಡೋ ತೆಗೆದು ಹಾಕೋ ಸಾಧನ, ಹಾಕ್ಕೋಬೇಕು, ಇಲ್ಲಾಂದ್ರೆ ಹಲ್ಲು ವಾಪಸ್ ಹಳೇ ಜಾಗಕ್ಕೆ ಹೋಗೋಕೆ ನೋಡುತ್ತೆ. ಅಂಗುಳದ ಗಾಯ ಪೂರ್ತಿ ಮಾಯ್ದಿದೆ. ನನ್ನ ಥರ ನೋವು ನುಂಗಿಕೊಂಡು ಕೂತವರು ಯಾರಾದ್ರೂ ಇದ್ರೆ ಹತ್ತಿರದ ಡೆಂಟಲ್ ಕಾಲೇಜಲ್ಲಿ ಒಂದ್ಸಲ ತೋರಿಸಿ, ಪ್ರೈವೇಟ್ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಖರ್ಚು ಕಮ್ಮಿ. ಏನಾದ್ರೂ ಕೇಳ್ಬೇಕಿದ್ರೆ ನನ್ನ ಕೇಳಿ, ಶನಿವಾರ ಮಧ್ಯಾಹ್ನದ ಮೇಲೆ ಫ್ರೀ ಇರ್ತೀನಿ.