ಥೀಮ್ ಗೋಡೆಯಲ್ಲೇ ಇದೆ, ಮೇಲೆ ಅಂಟಿಸಬೇಡಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರ. ನಾನು ಹಳೆ ಕಟ್ಟಡಗಳ ಒಳಾಂಗಣ ವಿನ್ಯಾಸದ ಕೆಲಸ ಮಾಡುವವಳು. ಪಾರಂಪರಿಕ ಕಟ್ಟಡದಲ್ಲಿ ಥೀಮ್ ಬಾರ್ (ಒಂದು ಕಲ್ಪನೆಗೆ ತಕ್ಕಂತೆ ಒಳಗೆಲ್ಲ ಸಿಂಗರಿಸಿದ ಬಾರ್) ತೆರೆಯಲು ಅರ್ಜಿ ಬಂದರೆ ತಿರಸ್ಕರಿಸಿ ಎಂದು ಕೇಳುತ್ತಿಲ್ಲ. ಬೀಗ ಹಾಕಿದ ಕಟ್ಟಡ ಬೇಗ ಹಾಳಾಗುತ್ತದೆ. ಸೂರು ಸೋರಿದರೆ ನೋಡುವವರಿಲ್ಲ, ಗೋಡೆಯಲ್ಲಿ ಗಿಡ ಹುಟ್ಟಿದರೆ ಕೀಳುವವರಿಲ್ಲ. ಹಳೆ ಸ್ಮಾರಕಗಳನ್ನು ಹೇಗೆ ಕಾಪಾಡಬೇಕು ಎಂದು ಹೇಳುವ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಕೂಡ ಕಟ್ಟಡ ಬಳಕೆಯಲ್ಲಿರುವುದು ಒಳ್ಳೆಯದು ಎನ್ನುತ್ತದೆ. ಆದರೆ ಆ ಬಳಕೆಯಿಂದ ಅದರ ವಿನ್ಯಾಸ, ಅಲಂಕಾರ ಬದಲಾಗಬಾರದು ಎಂದೂ ಹೇಳುತ್ತದೆ.

ನನ್ನ ಚಿಂತೆ ಇರುವುದು 'ಥೀಮ್' ಎಂಬ ಮಾತಿನ ಬಗ್ಗೆ. ಹಡಗಿನ ಒಳಭಾಗ, ಅರಮನೆ, ಗುಹೆ ಹೀಗೆ ಏನೋ ಒಂದನ್ನು ಪ್ಲೈವುಡ್‌ನಲ್ಲಿ ಮಾಡಿ ಗೋಡೆಗೆ ಹೊಡೆಯುತ್ತಾರೆ. ಹಾಗಾದರೆ ಹಳೆ ಕಟ್ಟಡವೇ ಯಾಕೆ ಬೇಕಿತ್ತು? ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮುಚ್ಚಿದ್ದ ಚರ್ಚ್ ಒಂದು 1996ರಲ್ಲಿ ಬಿಯರ್ ತಯಾರಿಸುವ ರೆಸ್ಟೋರೆಂಟ್ ಆಯಿತು. ಅಲ್ಲಿನ ಬಾರ್ ಕೌಂಟರ್ ಮಾಡಿದ್ದು ಚರ್ಚಿನ ಬೆಂಚುಗಳ ಓಕ್ ಹಲಗೆಯಿಂದಲೇ. ಬಲಿಪೀಠದ ಜಾಗದಲ್ಲಿ ಬಿಯರ್ ತೊಟ್ಟಿ ಇಟ್ಟದ್ದು ಎಲ್ಲರಿಗೂ ಒಪ್ಪಿಗೆಯಾಗಲಿಕ್ಕಿಲ್ಲ, ನನಗೂ ಸ್ವಲ್ಪ ಕಸಿವಿಸಿಯೇ. ಆದರೂ ಒಳಗೆ ಹೋದವರಿಗೆ ಅದು ಚರ್ಚ್ ಆಗಿತ್ತೆಂದು ಯಾರೂ ಹೇಳಬೇಕಾಗಿಲ್ಲ.

ಇನ್ನು ಗೋಡೆಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಸುಣ್ಣದ ಗಾರೆಯ ಗೋಡೆ ತೇವ ಹೀರಿಕೊಂಡು ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ, ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಆಮೇಲೆ ಉಪ್ಪು ಮೇಲೆದ್ದು ಇಟ್ಟಿಗೆ ಪುಡಿಪುಡಿಯಾಗುತ್ತದೆ. ಬಾರ್ ಅಂದರೆ ಇಡೀ ದಿನ ನೀರಿನ ಕೆಲಸ: ಐಸ್, ಗ್ಲಾಸ್ ತೊಳೆಯುವುದು, ಒರೆಸುವುದು. ಸಿಂಕ್ ಮತ್ತು ಪೈಪುಗಳನ್ನು ಹಳೆ ಗೋಡೆಯಿಂದ ದೂರ, ಒಂದೇ ಕಡೆ ಇಡಿಸಬೇಕು. 'ಇಟ್ಟಿಗೆ ಕಂಡರೆ ಚೆಂದ' ಅಂತ ಗಾರೆ ಕೆತ್ತಿಸುವ ಚಾಳಿ ಈಗ ಜಾಸ್ತಿಯಾಗಿದೆ. ಒಮ್ಮೆ ನಾನು ಹೋಗಿ ತಡೆಯುವಷ್ಟರಲ್ಲಿ ಅರ್ಧ ಗೋಡೆ ಕೆತ್ತಿಯಾಗಿತ್ತು. ಗಾರೆಯೊಳಗೆ ಇರಲೆಂದೇ ಹಾಕಿದ ಮೆತ್ತನೆಯ ಇಟ್ಟಿಗೆ, ಕೈ ಸವರಿದರೆ ಕೆಂಪು ಪುಡಿ. ಆ ಗಾರೆಯನ್ನು ಮತ್ತೆ ತರಲು ಆಗಲಿಲ್ಲ.

ಗೋಡೆ ಮುಟ್ಟದೆಯೂ ಚೆಂದ ಮಾಡಬಹುದು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಚರ್ಚ್ ಒಂದು ಪುಸ್ತಕದಂಗಡಿಯಾಗಿದೆ. ಅದರೊಳಗೆ ಹಲವು ಅಂತಸ್ತಿನ ಉಕ್ಕಿನ ಕಪಾಟು ತನ್ನ ಕಾಲ ಮೇಲೆ ತಾನೇ ನಿಂತಿದೆ. ಬಾರ್ ಕೌಂಟರ್, ಬಾಟಲಿ ಕಪಾಟು, ದೀಪ ಎಲ್ಲವನ್ನೂ ಹೀಗೇ ನಿಲ್ಲಿಸಬಹುದು ಅಲ್ವಾ?

ಹಾಗಾಗಿ ನನ್ನ ಕೋರಿಕೆ ಇಷ್ಟು. ಥೀಮ್ ನಕ್ಷೆ ನೋಡುವ ಮೊದಲು ಕಟ್ಟಡ ಈಗ ಹೇಗಿದೆ ಎಂಬ ಅಳತೆ ನಕ್ಷೆ ಮತ್ತು ಫೋಟೋ ಕೇಳಿ. ನೆಲ ಎಷ್ಟು ಜನರ ಭಾರ ತಾಳುತ್ತದೆ ಎಂದು ಎಂಜಿನಿಯರ್ ಬರೆದುಕೊಡಲಿ. ಬಾರ್ ಮುಚ್ಚಿದ ದಿನ ಏನೇನನ್ನು ಗೋಡೆಗೆ ಗಾಯವಾಗದಂತೆ ಬಿಚ್ಚಬಹುದು ಎಂಬ ಪಟ್ಟಿಯೂ ಅರ್ಜಿಯ ಜೊತೆ ಇರಲಿ. ಬಿಚ್ಚುವ ಖರ್ಚನ್ನು ಪರವಾನಗಿ ಕೊಡುವಾಗಲೇ ಠೇವಣಿ ಇಡಿಸಿಕೊಳ್ಳಿ.

ಇಂತಿ,
ಒಬ್ಬ ಒಳಾಂಗಣ ವಿನ್ಯಾಸಗಾರ್ತಿ